ಹಿಮದ ಮೇಲಿನ ಹೆಜ್ಜೆಗಳು: ಜನರಲ್ ತಿಮ್ಮಯ್ಯನವರ ಬದುಕು

ಪುಷ್ಯ ಮಾಸದ ಒಂದು ಮುಂಜಾವ ನಾವು ತಾಳವಾಡಿ ಬೆಟ್ಟದ ಮೇಲಿನ ದೊಡ್ಡಗಾಜನೂರಿನಲ್ಲಿದ್ದೆವು. ವರನಟ ರಾಜ್‌ಕುಮಾರರ ಊರೆಂದು ನಾಡಿಗೆಲ್ಲ ಗೊತ್ತಿರುವ ಹಳ್ಳಿ ಅದು. ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಚಾಮರಾಜನಗರದ ಕಡೆಯಿಂದ ಹಾದಿ ಸಮೀಪ. ಆಡಳಿತ ತಮಿಳುನಾಡಿನದು, ಮನೆಮಾತು ಕನ್ನಡ. ಕಾಸರಗೋಡಿನವರಾದ ನಮಗೆ ಆ ಊರಿನವರೊಡನೆ ಮಾತು ಬೆಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1956ರ ನವೆಂಬರ್ 1ರಂದು ಅವರು ಮದರಾಸು ರಾಜ್ಯದಲ್ಲಿ ಉಳಿದರು, ನಾವು ಕೇರಳಕ್ಕೆ ಸೇರಿದೆವು. ಒಂದೇ ದಿನ ಗೆರೆಯ ಆಚೆ ನಿಂತವರು ನಾವು ಇಬ್ಬರೂ.

ಹೊಲದ ಬದುವಿನ ಮೇಲೆ ಇಬ್ಬನಿ ದಟ್ಟವಾಗಿ ಬಿದ್ದಿತ್ತು. ನಾಲ್ಕು ಮಾರು ನಡೆಯುವಷ್ಟರಲ್ಲಿ ನಮ್ಮ ಚಪ್ಪಲಿ ನೆನೆದು, ಬೆರಳುಗಳು ಜೋಮು ಹಿಡಿದವು. ದನ ಹೊಡೆದುಕೊಂಡು ಹೋಗುತ್ತಿದ್ದವರು ಬರಿಗಾಲಿನಲ್ಲೇ ನಡೆಯುತ್ತಿದ್ದರು. ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ತಾತನೊಬ್ಬರು ನಮ್ಮ ಅವಸ್ಥೆ ನೋಡಿ ನಕ್ಕರು. ಬಳಿಕ ತಮ್ಮ ಮನೆಯ ಹುಡುಗನೊಬ್ಬ ಸೇನೆಯಲ್ಲಿರುವುದನ್ನು, ಅವನನ್ನು ಉತ್ತರದ ಹಿಮದ ಗಡಿಗೆ ಹಾಕಿರುವುದನ್ನು ತಿಳಿಸಿದರು. ಇಲ್ಲಿಯ ಇಬ್ಬನಿಗೇ ಕಾಲು ಹೀಗಾಗುವಾಗ ಅಲ್ಲಿ ಆಳುದ್ದದ ಮಂಜಿನಲ್ಲಿ ಆ ಹುಡುಗ ಕಾಲಿಗೆ ಏನು ಹಾಕಿಕೊಳ್ಳುತ್ತಾನೆ, ಸರಕಾರ ಸರಿಯಾದ ಬೂಟು ಕೊಡುತ್ತದೆಯೇ ಎಂಬುದು ಅವರ ಪ್ರಶ್ನೆ. ಕೊಡುತ್ತದೆ ಎಂದು ಥಟ್ಟನೆ ಹೇಳಲು ನಮ್ಮಿಂದಾಗಲಿಲ್ಲ. ಆ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದರ ನಡುವೆ ನಮ್ಮ ನೆರೆಯ ಕೊಡಗಿನ ಒಬ್ಬ ಮಹಾ ಸೇನಾನಿಯ ಬದುಕಿದೆ. ಜನರಲ್ ಕೆ. ಎಸ್. ತಿಮ್ಮಯ್ಯನವರ ಆ ಬದುಕನ್ನು ಇಂದು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಕೊಡಗು ನಮಗೆ ದೂರದ ನಾಡೇನಲ್ಲ. ಕಾಸರಗೋಡಿನ ಪಕ್ಕದಲ್ಲೇ ಕಡಲು ಸೇರುವ ಚಂದ್ರಗಿರಿ ಹೊಳೆ ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಪಾಣತ್ತೂರು ದಾಟಿದರೆ ಭಾಗಮಂಡಲದ ಹಾದಿ, ಸುಳ್ಯ ದಾಟಿದರೆ ಮಡಿಕೇರಿಯ ಹಾದಿ. ಆ ಮಡಿಕೇರಿಯಲ್ಲಿ 1906ರ ಮಾರ್ಚ್ 31ರಂದು ಕೊಡಂದೇರ ಮನೆತನದಲ್ಲಿ ತಿಮ್ಮಯ್ಯನವರು ಹುಟ್ಟಿದರು. ತಂದೆ ಸುಬ್ಬಯ್ಯ, ತಾಯಿ ಸೀತಮ್ಮ. ಮನೆಗೆ ಕಾಫಿ ತೋಟದ ಅನುಕೂಲವಿತ್ತು. ತಾಯಿಗೆ ವಿದ್ಯೆ ಮತ್ತು ಸಮಾಜಸೇವೆಯ ಒಲವಿತ್ತು. ಹುಡುಗನನ್ನು ಮೊದಲು ಕೂನೂರಿನ ಶಾಲೆಗೆ, ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಕಳುಹಿಸಿದರು. ಮುಂದೆ ಡೆಹರಾಡೂನಿನಲ್ಲಿ ಹೊಸದಾಗಿ ತೆರೆದಿದ್ದ ಸೈನಿಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅವರು ಸೇನಾಧಿಕಾರಿಯಾಗಿ ಹೊರಬಂದರು. ಈ ಮನೆಯ ಮೂವರು ಗಂಡುಮಕ್ಕಳೂ ಸೇನೆ ಸೇರಿದರು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮುಂದಿನ ಕಥೆಗೆ ಅದು ಬೇಕು.

ಬೆಂಗಳೂರಿನಲ್ಲಿದ್ದ ಒಂದು ಬ್ರಿಟಿಷ್ ಪಡೆಯಲ್ಲಿ ಕೆಲಕಾಲ ಕಲಿತ ಮೇಲೆ ತಿಮ್ಮಯ್ಯನವರು 19ನೆಯ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ ಸೇರಿದರು. ಅದು ಆಗ ಬಾಗ್ದಾದಿನಲ್ಲಿತ್ತು. ಅಂದಿನ ಕಾಲಾಳುಪಡೆಯಲ್ಲಿ ಒಂದು ಒಳ್ಳೆಯ ವಾಡಿಕೆಯಿತ್ತು. ದೂರದ ನಡಿಗೆ ಮುಗಿದ ಕೂಡಲೇ ಜವಾನರು ಬೂಟು, ಕಾಲುಚೀಲ ಬಿಚ್ಚಿ ಕೂರಬೇಕು. ಕಿರಿಯ ಅಧಿಕಾರಿ ಒಬ್ಬೊಬ್ಬರ ಬಳಿಗೂ ಹೋಗಿ ಅಂಗಾಲು, ಹಿಮ್ಮಡಿ, ಬೆರಳುಗಳನ್ನು ನೋಡಬೇಕು. ಎಲ್ಲಿ ಬೊಬ್ಬೆ ಎದ್ದಿದೆ, ಎಲ್ಲಿ ಚರ್ಮ ಒಡೆದಿದೆ, ಯಾರ ಬೂಟು ಕಚ್ಚುತ್ತಿದೆ ಎಂದು ತಿಳಿದುಕೊಳ್ಳಬೇಕು. ತನ್ನ ಊಟ, ತನ್ನ ವಿಶ್ರಾಂತಿ ಎಲ್ಲವೂ ಅದಾದ ಮೇಲೆ. ಬಂದೂಕು ಎಷ್ಟೇ ಒಳ್ಳೆಯದಿರಲಿ, ಅದನ್ನು ಹೊತ್ತು ನಡೆಯುವ ಕಾಲು ಕೆಟ್ಟರೆ ಪಡೆಯೇ ಕೆಟ್ಟಂತೆ. ತಿಮ್ಮಯ್ಯನವರ ತಲೆಮಾರಿನ ಅಧಿಕಾರಿಗಳು ಕಲಿತ ಮೊದಲ ಪಾಠ ಇದು.

ಪರರ ಸೇನೆಯಲ್ಲಿ ದುಡಿಯುವ ಭಾರತೀಯ ಅಧಿಕಾರಿಗೆ ಅಂದು ಮನಸ್ಸಿನ ಕುದಿತವೂ ಇತ್ತು. ಹೊರಗೆ ಸ್ವಾತಂತ್ರ್ಯದ ಹೋರಾಟ, ಒಳಗೆ ಬಿಳಿಯರ ತಾರತಮ್ಯ. ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರು ರಾಜೀನಾಮೆಯ ಯೋಚನೆಯನ್ನು ಮೋತಿಲಾಲ್ ನೆಹರೂ ಅವರಲ್ಲಿ ಹೇಳಿಕೊಂಡರೆಂದೂ, ಸ್ವತಂತ್ರ ಭಾರತಕ್ಕೆ ಸಮರ್ಥ ಸೇನಾನಿಗಳು ಬೇಕಾಗುತ್ತಾರೆ, ಉಳಿಯಿರಿ ಎಂಬ ಅರ್ಥದ ಬುದ್ಧಿವಾದ ಅವರಿಂದ ದೊರೆಯಿತೆಂದೂ ಹೇಳುತ್ತಾರೆ. ಅವರು ಉಳಿದರು. 1935ರಲ್ಲಿ ನೀನಾ ಕಾರಿಯಪ್ಪ ಅವರೊಡನೆ ಮದುವೆಯಾಯಿತು. ಅದೇ ವರ್ಷ ಕ್ವೆಟ್ಟಾದಲ್ಲಿ ಭೀಕರ ಭೂಕಂಪವಾದಾಗ ದಂಪತಿಗಳಿಬ್ಬರೂ ಪರಿಹಾರ ಕಾರ್ಯಕ್ಕಿಳಿದರು. ನೀನಾ ಅವರ ಸೇವೆಗೆ ಸರಕಾರದ ಪದಕ ದೊರೆಯಿತು.

ಎರಡನೆಯ ಮಹಾಯುದ್ಧದಲ್ಲಿ ಅವರು ಬರ್ಮದ ಅರಾಕಾನ್ ರಂಗಕ್ಕೆ ಹೋದರು. ಕೆಸರು, ಕಾಡು, ಉಪ್ಪುನೀರಿನ ಹಳ್ಳಗಳ ನಡುವೆ 1945ರ ಆರಂಭದಲ್ಲಿ ನಡೆದ ಕಾಂಗಾವ್ ಕದನದಲ್ಲಿ ಮೂರು ಬೆಟಾಲಿಯನ್‌ಗಳನ್ನು ಮೂವರು ಭಾರತೀಯರು ನಡೆಸಿದರು: ತಿಮ್ಮಯ್ಯ, ಥೋರಾಟ್ ಮತ್ತು ಸೇನ್. ಮೂವರಿಗೂ ಡಿ.ಎಸ್.ಒ. ಪದಕ ಬಂತು. ಅದಾಗಿ ಸ್ವಲ್ಪ ಕಾಲದಲ್ಲೇ ತಿಮ್ಮಯ್ಯನವರು ರಣರಂಗದಲ್ಲಿ ಒಂದು ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರಾದರು. 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪರವಾಗಿ ಅಲ್ಲಿದ್ದವರೂ ಅವರೇ. ವಿಚಿತ್ರವೆಂದರೆ, ಅವರ ಅಣ್ಣ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಒಂದೇ ಮನೆಯ ಮಕ್ಕಳು ಎರಡು ಕಡೆ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ ದೇಶ.

ಸ್ವಾತಂತ್ರ್ಯ ಬಂತು, ಅದರೊಡನೆ ವಿಭಜನೆಯೂ ಬಂತು. ಪಂಜಾಬಿನ ರಕ್ತಪಾತದ ನಡುವೆ ನಿರಾಶ್ರಿತರನ್ನು ಕಾಯುವ ಕೆಲಸದಲ್ಲಿ ತಿಮ್ಮಯ್ಯನವರು ತಿಂಗಳುಗಟ್ಟಲೆ ನಿದ್ದೆಗೆಟ್ಟರು. 1948ರ ಮೇ ತಿಂಗಳಲ್ಲಿ ಅವರನ್ನು ಕಾಶ್ಮೀರ ಕಣಿವೆಯ ಸೇನಾ ವಿಭಾಗದ ಮುಖ್ಯಸ್ಥರನ್ನಾಗಿ ಕಳುಹಿಸಲಾಯಿತು. ಪಶ್ಚಿಮ ರಂಗಕ್ಕೆಲ್ಲ ಹಿರಿಯರಾಗಿ ಇದ್ದವರು ಇನ್ನೊಬ್ಬ ಕೊಡಗಿನ ವೀರ, ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು.

ಅಲ್ಲಿಯ ಪರಿಸ್ಥಿತಿ ಹೀಗಿತ್ತು. ಶ್ರೀನಗರದಿಂದ ಲಡಾಖಿಗೆ ಇದ್ದದ್ದು ಜೋಜಿ ಲಾ ಕಣಿವೆದಾರಿಯೊಂದೇ. ಸುಮಾರು 11,500 ಅಡಿ ಎತ್ತರದ ಆ ದಾರಿಯ ಆಚೆ ದ್ರಾಸ್, ಕಾರ್ಗಿಲ್, ಕೊನೆಗೆ ಲೇಹ್. ಲೇಹ್ ಕಾಯಲು ಸಾಕಷ್ಟು ಜನವಿರಲಿಲ್ಲ. ಫೆಬ್ರವರಿಯ ನಡುಚಳಿಯಲ್ಲಿ ಮೇಜರ್ ಪೃಥಿ ಚಂದ್ ಎಂಬ ಲಾಹುಲಿನ ಅಧಿಕಾರಿ ಸುಮಾರು 40 ಮಂದಿ ಸ್ವಯಂಸೇವಕರೊಡನೆ ಹಿಮ ತುಂಬಿದ ಜೋಜಿ ಲಾವನ್ನು ನಡೆದೇ ದಾಟಿ ಮಾರ್ಚ್ ತಿಂಗಳಲ್ಲಿ ಲೇಹ್ ಸೇರಿದ್ದರು. ಅವರು ಬೆಟ್ಟದ ಮಕ್ಕಳು, ಹಿಮವನ್ನು ಹುಟ್ಟಿನಿಂದ ಬಲ್ಲವರು. ಬೇಸಿಗೆಯಲ್ಲಿ ಕಾರ್ಗಿಲ್, ದ್ರಾಸ್ ಎರಡೂ ಶತ್ರುವಿನ ಕೈಸೇರಿ ಲೇಹ್ ಒಂಟಿಯಾಯಿತು. ಮೇ 24ರಂದು ಮೆಹರ್ ಸಿಂಗ್ ಎಂಬ ಎದೆಗಾರ ವಿಮಾನಿಕ ಡಕೋಟಾ ವಿಮಾನವೊಂದನ್ನು ಹಿಮಾಲಯದ ಮೇಲೆ ಹಾರಿಸಿ, ಅವಸರದಲ್ಲಿ ಸಿದ್ಧವಾಗಿದ್ದ ಲೇಹ್‌ನ ಮಣ್ಣಿನ ಪಟ್ಟಿಯ ಮೇಲೆ ಇಳಿಸಿದರು. ಅದಕ್ಕೆ ಮುಂಚೆ ಅಲ್ಲಿ ಯಾವ ವಿಮಾನವೂ ಇಳಿದಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರು ಜನರಲ್ ತಿಮ್ಮಯ್ಯ. ಜವಾನರನ್ನು ಕಳುಹಿಸುವ ಮುನ್ನ ತಾವೇ ಹೋಗಿ ನೋಡುವುದು ಅವರ ರೀತಿ.

ಆದರೆ ವಿಮಾನದಿಂದಲೇ ಲಡಾಖನ್ನು ಉಳಿಸಲಾಗುವಂತಿರಲಿಲ್ಲ. ಜೋಜಿ ಲಾ ತೆರೆಯಲೇಬೇಕಿತ್ತು. ಸೆಪ್ಟೆಂಬರಿನಲ್ಲಿ ನಡೆದ ಯತ್ನ ವಿಫಲವಾಯಿತು. ಕಣಿವೆಯ ಎರಡೂ ಬದಿಯ ಗುಹೆಗಳಲ್ಲಿ ಶತ್ರುವಿನ ಮೆಷಿನ್‌ಗನ್‌ಗಳಿದ್ದವು. ಮತ್ತೊಂದು ವೈರಿ ಹತ್ತಿರ ಬರುತ್ತಿತ್ತು: ಚಳಿಗಾಲ.

ಇಲ್ಲಿ ನಾವು ಬೂಟಿನ ವಿಷಯಕ್ಕೆ ಬರಬೇಕು. ನಮ್ಮ ಜವಾನನ ಕಾಲಿನಲ್ಲಿದ್ದದ್ದು ಬ್ರಿಟಿಷರ ಕಾಲದಿಂದ ಬಂದ ದಪ್ಪ ತೊಗಲಿನ ಬೂಟು. ಅಟ್ಟೆಯ ತುಂಬ ಕಬ್ಬಿಣದ ಮೊಳೆಗಳು. ಪಂಜಾಬಿನ ಬಯಲಿಗೆ, ಕಲ್ಲುದಾರಿಗೆ ಅದು ಒಳ್ಳೆಯದೇ. ಹಿಮದಲ್ಲಿ ಅದೇ ಶತ್ರು. ಮೊಳೆ ತಂಪನ್ನು ನೆಲದಿಂದ ಹೀರಿ ನೇರ ಅಂಗಾಲಿಗೆ ಮುಟ್ಟಿಸುತ್ತದೆ. ತೊಗಲು ಹಗಲಲ್ಲಿ ನೀರು ಕುಡಿದು ರಾತ್ರಿ ಮರದ ಹಲಗೆಯಂತೆ ಸೆಟೆಯುತ್ತದೆ. ಒಳಗಿನ ಬೆವರೂ ತಣ್ಣಗಾಗುತ್ತದೆ. ಚಳಿ ತೀವ್ರವಾದಾಗ ದೇಹ ತನ್ನ ಶಾಖವನ್ನು ಎದೆ, ಹೊಟ್ಟೆಗಳಿಗೆಂದು ಉಳಿಸಿಕೊಳ್ಳಲು ಕೈಕಾಲಿನ ತುದಿಯ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಮೊದಲು ಬೆರಳು ಉರಿಯುತ್ತದೆ, ಬಳಿಕ ಬೆಳ್ಳಗಾಗುತ್ತದೆ, ಆಮೇಲೆ ಏನೂ ತಿಳಿಯುವುದಿಲ್ಲ. ನೋವು ನಿಂತಿತೆಂದು ಜವಾನ ಸಮಾಧಾನಪಡುವ ಹೊತ್ತೇ ಅಪಾಯದ ಹೊತ್ತು. ಮಾಂಸದೊಳಗಿನ ನೀರು ಹೆಪ್ಪುಗಟ್ಟಿ ಬೆರಳು ಕಪ್ಪಾಗುತ್ತದೆ. ಕೊನೆಗೆ ಕತ್ತರಿಸದೆ ಗತಿಯಿಲ್ಲ. ಇದನ್ನೇ ಹಿಮಕಡಿತ ಎನ್ನುತ್ತಾರೆ. ಗುಂಡು ತಾಗಿದ ಕಾಲು ಕೆಲವೊಮ್ಮೆ ಉಳಿದೀತು, ಹಿಮ ಕಚ್ಚಿದ ಬೆರಳು ಉಳಿಯುವುದು ಕಷ್ಟ.

ಸರಿಯಾದ ಬೂಟು ಇಲ್ಲದ ಕಡೆ ಸೈನಿಕರು ತಮ್ಮ ಉಪಾಯಗಳನ್ನೇ ನಂಬುತ್ತಾರೆ. ಬೂಟಿನೊಳಗೆ ಒಣಹುಲ್ಲು, ಕಾಗದ ತುಂಬುವುದು. ಹಳೆಯ ಕಂಬಳಿಯ ಪಟ್ಟಿ, ಗೋಣಿತಟ್ಟು ಸುತ್ತಿಕೊಳ್ಳುವುದು. ಒದ್ದೆ ಕಾಲುಚೀಲವನ್ನು ಅಂಗಿಯೊಳಗೆ ಎದೆಗೆ ಒತ್ತಿಟ್ಟು ಮೈಶಾಖದಲ್ಲೇ ಒಣಗಿಸುವುದು. ಕಾವಲಿನಲ್ಲಿ ನಿಂತಲ್ಲೇ ಬೆರಳಾಡಿಸುತ್ತಿರುವುದು. ಜೊತೆಗಾರನ ಪಾದವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಬೆಚ್ಚಗೆ ಮಾಡುವುದು. ಎರಡೆರಡು ಕಾಲುಚೀಲ ತುರುಕಿದರೆ ಬೂಟು ಬಿಗಿಯಾಗಿ ರಕ್ತವೇ ನಿಂತು ಹಾನಿ ಹೆಚ್ಚುತ್ತದೆ ಎಂಬುದನ್ನು ಎಷ್ಟೋ ಮಂದಿ ಬೆರಳು ಕಳೆದುಕೊಂಡ ಮೇಲೆ ಕಲಿತರು. ಕಾಶ್ಮೀರದ ಹಳ್ಳಿಗರು ಭತ್ತದ ಹುಲ್ಲಿನಿಂದ ಪುಲ್‌ಹೋರ್ ಎಂಬ ಪಾದರಕ್ಷೆ ಹೆಣೆದು ಹಿಮದಲ್ಲಿ ಜಾರದೆ ನಡೆಯುತ್ತಿದ್ದರು. ಬಡವನ ಹುಲ್ಲಿನ ಚಪ್ಪಲಿಗಿದ್ದ ಹಿಮದ ಅರಿವು ಸೇನೆಯ ಉಗ್ರಾಣದ ಬೂಟಿಗೆ ಇರಲಿಲ್ಲ.

ತಿಮ್ಮಯ್ಯನವರಿಗೆ ಉಳಿದಿದ್ದ ದಾರಿ ಬೇಗ ಮುಗಿಸುವುದೊಂದೇ. ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಒಯ್ಯುವುದೆಂದು ನಿರ್ಧಾರವಾಯಿತು. ಲೋಕದಲ್ಲಿ ಯಾರೂ ಮಾಡಿರದ ಕೆಲಸ. 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲ್ಗೋಪುರ ಬಿಚ್ಚಿ, ಗುಟ್ಟಾಗಿ ಶ್ರೀನಗರದ ಮೂಲಕ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಕಾಲುದಾರಿ. ಅದನ್ನು ಟ್ಯಾಂಕು ಹೋಗುವ ದಾರಿಯಾಗಿ ಕಡಿದವರು ಮದರಾಸ್ ಸ್ಯಾಪರ್ಸ್. ಬೆಂಗಳೂರು ನೆಲೆಯ ಈ ಪಡೆಯ ಜವಾನರು ದಕ್ಷಿಣದ ಹಳ್ಳಿಗಳವರು. ಹಿಮವನ್ನು ಅಲ್ಲಿಯೇ ಮೊದಲು ಕಂಡವರು ಅವರಲ್ಲಿ ಎಷ್ಟೋ ಮಂದಿ. ಹವೆ ಕೆಟ್ಟು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ 1948ರ ನವೆಂಬರ್ 1ರಂದು, ಮಂಜಿನ ನಡುವೆ, ಟ್ಯಾಂಕುಗಳು ಜೋಜಿ ಲಾ ಏರಿದವು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ಜನರಲ್ ತಿಮ್ಮಯ್ಯ ಇದ್ದರು. ಟ್ಯಾಂಕು ಅಲ್ಲಿಗೆ ಬಂದೀತೆಂದು ಕನಸಿನಲ್ಲೂ ಎಣಿಸದಿದ್ದ ಶತ್ರು ಕಾಲ್ತೆಗೆದ. ಹದಿನೈದು ದಿನಗಳಲ್ಲಿ ದ್ರಾಸ್, ನವೆಂಬರ್ ಮುಗಿಯುವ ಮೊದಲು ಕಾರ್ಗಿಲ್ ನಮ್ಮದಾಯಿತು. ಲಡಾಖ್ ಉಳಿಯಿತು.

ನವೆಂಬರ್ 1 ಎಂದರೆ ನಮ್ಮ ಓದುಗರಿಗೆ ಬೇರೊಂದು ನೆನಪು. ಜೋಜಿ ಲಾ ಗೆದ್ದ ಸರಿಯಾಗಿ ಎಂಟು ವರ್ಷಗಳ ಬಳಿಕ, ಅದೇ ತಾರೀಕಿನಂದು, ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು, ಗಾಜನೂರುಗಳು ಹೊರಗುಳಿದವು. ಆ ತಾರೀಕಿಗೆ ಹೆಮ್ಮೆ ಪಡಲು ನಮಗೂ ಒಂದು ಕಾರಣವಿದೆ ಎಂದು ತಿಳಿದಿರಲಿ ಎಂದು ಈ ಮಾತು.

ಆದರೆ ಗೆಲುವಿನ ಸಂಭ್ರಮದಲ್ಲಿ ಒಂದು ಲೆಕ್ಕ ಮರೆಯಾಯಿತು. ಹಿಮಕ್ಕೆ ತಕ್ಕ ಉಡುಪು, ಬೂಟು ಎಲ್ಲರಿಗೂ ಸಾಕಷ್ಟು ಇಲ್ಲದೆಯೇ ಆ ದಂಡಯಾತ್ರೆ ನಡೆದಿತ್ತು. ಗುಂಡಿಗೆ ಸಿಗದೆ ಹಿಮಕ್ಕೆ ಸಿಕ್ಕಿ ಕಾಲು ಕೆಡಿಸಿಕೊಂಡವರು ಅನೇಕರು. ತಿಮ್ಮಯ್ಯನವರ ಮನೆಯೂ ತನ್ನ ಪಾಲು ಕೊಟ್ಟಿತು. ತಮ್ಮ ಸೋಮಯ್ಯ ಕಾಶ್ಮೀರದ ಕಾರ್ಯಾಚರಣೆಯ ಕಾಲದಲ್ಲಿ ನೆಲಬಾಂಬಿನ ಅವಘಡದಲ್ಲಿ ಮಡಿದರು. ಧೈರ್ಯವೊಂದಿದ್ದರೆ ಹಿಮವನ್ನೂ ಗೆಲ್ಲಬಹುದು ಎಂಬ ನಂಬಿಕೆ ದೆಹಲಿಯಲ್ಲಿ ಉಳಿಯಿತು. ಗೆದ್ದ ಯುದ್ಧದ ಕೊರತೆಗಳನ್ನು ಯಾರೂ ಹುಡುಕುವುದಿಲ್ಲ. ಜೋಜಿ ಲಾದ ಗೆಲುವು ಅಲ್ಲಿಯ ಬೂಟಿನ ಕೊರತೆಯನ್ನು ಮುಚ್ಚಿಬಿಟ್ಟಿತು.

ಲೋಕದ ಅನುಭವ ಬೇರೆಯೇ ಪಾಠ ಹೇಳುತ್ತಿತ್ತು. 1914ರ ಚಳಿಗಾಲದಲ್ಲಿ ಫ್ರಾನ್ಸಿನ ಕಂದಕಗಳಿಗೆ ಹೋದ ನಮ್ಮ ಭಾರತೀಯ ಪಡೆಗಳು ಬಿಸಿಲುನಾಡಿನ ಬಟ್ಟೆಯಲ್ಲೇ ಹೋಗಿ, ಕೆಸರಿನಲ್ಲೂ ಹಿಮದಲ್ಲೂ ಪಾದ ಕೊಳೆಸಿಕೊಂಡಿದ್ದವು. 1941ರಲ್ಲಿ ಮಾಸ್ಕೋ ಬಾಗಿಲಿಗೆ ಹೋದ ಜರ್ಮನರು ಮೊಳೆ ಹೊಡೆದ ಬಿಗಿ ಬೂಟುಗಳಲ್ಲಿ ಹೆಪ್ಪುಗಟ್ಟಿದರು. ರಷ್ಯನ್ನರ ಕಾಲಿನಲ್ಲಿ ಒತ್ತುಣ್ಣೆಯ ಸಡಿಲ ಬೂಟುಗಳಿದ್ದವು. 1950ರ ಕೊನೆಯಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಬಳಿ ತೆಳು ಕ್ಯಾನ್ವಾಸ್ ಶೂಗಳಲ್ಲಿ ಹೋರಾಡಿದ ಚೀನೀ ಸೈನಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಹಿಮಕಡಿತಕ್ಕೆ ತುತ್ತಾದರು. ಎದುರಿದ್ದ ಅಮೆರಿಕನ್ನರ ರಬ್ಬರು ಬೂಟುಗಳಲ್ಲೂ ಬೆವರು ಹೆಪ್ಪುಗಟ್ಟಿ ಕಾಲು ಕೆಟ್ಟವು.

ಅದೇ ಕೊರಿಯಾಕ್ಕೆ ಮೂರು ವರ್ಷಗಳ ಬಳಿಕ, 1953ರಲ್ಲಿ, ತಿಮ್ಮಯ್ಯನವರು ಹೋದರು. ಈ ಸಲ ಯುದ್ಧಕ್ಕಲ್ಲ, ಶಾಂತಿಗೆ. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ವಿಚಾರ ನೋಡಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಗಿ, ಅದಕ್ಕೆ ಅವರು ಅಧ್ಯಕ್ಷರಾದರು. ಎರಡೂ ಬಣಗಳ ಬೈಗುಳ ತಿಂದು, ಚಳಿಗಾಲ ಪೂರ್ತಿ ಅಲ್ಲಿದ್ದು, ಯಾರ ಕಡೆಗೂ ವಾಲದೆ ಕೆಲಸ ಮುಗಿಸಿದರು. 1954ರಲ್ಲಿ ಪದ್ಮಭೂಷಣ ಬಂತು. 1957ರ ಮೇ ತಿಂಗಳಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಮಡಿಕೇರಿಯ ಹುಡುಗ ಸೇನೆಯ ಶಿಖರ ಮುಟ್ಟಿದ.

ಆ ನಾಲ್ಕು ವರ್ಷಗಳು ಸುಖದವಾಗಿರಲಿಲ್ಲ. ಚೀನದ ಕಡೆಯಿಂದ ಅಪಾಯವಿದೆ, ಉತ್ತರದ ಗಡಿಗೆ ಜನ, ದಾರಿ, ಸಾಮಗ್ರಿ ಬೇಕು ಎಂದು ಸೇನೆಯ ಹಿರಿಯರು ಹೇಳುತ್ತಿದ್ದರು. ಹಿಮಾಲಯವೇ ಕೋಟೆ, ಚೀನ ಸ್ನೇಹಿತ ಎಂಬ ನಂಬಿಕೆ ಆಳುವವರಲ್ಲಿ ಬಲವಾಗಿತ್ತು. ರಕ್ಷಣಾ ಸಚಿವರಾಗಿದ್ದವರು ಕೋಯಿಕ್ಕೋಡಿನ ವಿ. ಕೆ. ಕೃಷ್ಣ ಮೆನನ್. ವಿಶ್ವಸಂಸ್ಥೆಯಲ್ಲಿ ಭಾರತದ ಪರ ವಾದಿಸಿದ ಬುದ್ಧಿಶಾಲಿ. ದೇಶದಲ್ಲೇ ಆಯುಧ ತಯಾರಾಗಬೇಕೆಂದು ದುಡಿದವರು. ಆದರೆ ಸೇನಾನಿಗಳೊಡನೆ ಅವರ ನಡವಳಿಕೆ ಒರಟು. ಬಡ್ತಿಯ ವಿಷಯದಲ್ಲಿ ಅವರಿಗೂ ತಿಮ್ಮಯ್ಯನವರಿಗೂ ಸರಿಬೀಳಲಿಲ್ಲ. 1959ರ ಆಗಸ್ಟ್ ಕೊನೆಯಲ್ಲಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಮನವೊಲಿಸಿ ಹಿಂದಕ್ಕೆ ತೆಗೆಸಿದರು. ಬಳಿಕ ಸಂಸತ್ತಿನಲ್ಲಿ ತಿಮ್ಮಯ್ಯನವರದೇ ತಪ್ಪೆಂಬಂತೆ ಮಾತು ಬಂತು. ಅಂದೇ ಅವರು ಹೊರಟುಬಿಡಬೇಕಿತ್ತು ಎನ್ನುವವರಿದ್ದಾರೆ. ಚುನಾಯಿತ ಸರಕಾರಕ್ಕೆ ಸೇನೆ ತಲೆಬಾಗಬೇಕೆಂಬ ಕ್ರಮವನ್ನು ಅವರು ಮುರಿಯಲಿಲ್ಲ ಎಂಬುದು ನಮಗೆ ದೊಡ್ಡದಾಗಿ ಕಾಣುತ್ತದೆ. ಆ ವಿಧೇಯತೆಗೆ ಅವರು ತೆತ್ತ ಬೆಲೆ ಕಡಿಮೆಯದಲ್ಲ. 1961ರ ಮೇ ತಿಂಗಳಲ್ಲಿ ನಿವೃತ್ತರಾಗಿ ಕೊಡಗಿಗೆ ಮರಳಿದರು. ಮರುವರ್ಷ ಜುಲೈಯಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ಭಾರತ ಒಂಟಿಯಾಗಿ ಚೀನದೊಡನೆ ಪೂರ್ಣಯುದ್ಧಕ್ಕಿಳಿಯುವುದನ್ನು ಸೈನಿಕನಾಗಿ ತಾನು ಊಹಿಸಲಾರೆ ಎಂಬ ಭಾವವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು.

ಮೂರೇ ತಿಂಗಳು. 1962ರ ಅಕ್ಟೋಬರ್ 20ರಂದು ಚೀನೀಯರು ಇಳಿದು ಬಂದರು. ನೇಫಾದ ನಮ್ಕಾ ಚು ಹೊಳೆಯ ದಡದಲ್ಲಿ ನಿಂತಿದ್ದ ನಮ್ಮ 7ನೆಯ ಬ್ರಿಗೇಡಿನ ಜವಾನರಲ್ಲಿ ಬಹುಮಂದಿಯ ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ, ಕಾಲಿನಲ್ಲಿ ಕ್ಯಾನ್ವಾಸ್ ಶೂ. ಹೊದೆಯಲು ಒಂದೇ ಕಂಬಳಿ. ವಿಮಾನದಿಂದ ಎಸೆದ ಸಾಮಾನುಗಳಲ್ಲಿ ಎಷ್ಟೋ ಕಮರಿಗೆ ಬಿದ್ದವು. ಬಯಲಿನಿಂದ ಅವಸರದಲ್ಲಿ ಅಷ್ಟೆತ್ತರಕ್ಕೆ ಹತ್ತಿಸಲ್ಪಟ್ಟವರು ಅವರು. ಎದುರಿಗೆ ಬಂದವರು ಹತ್ತಿ ತುಂಬಿದ ದಪ್ಪ ಉಡುಪಿನಲ್ಲಿದ್ದರು. ಹನ್ನೆರಡು ವರ್ಷದ ಹಿಂದೆ ಕೊರಿಯಾದಲ್ಲಿ ಕ್ಯಾನ್ವಾಸ್ ಶೂ ತೊಟ್ಟು ಸತ್ತವರು ಅವರ ಕಡೆಯವರೇ. ಅವರು ಕಲಿತರು, ಜೋಜಿ ಲಾ ಗೆದ್ದ ನಾವು ಕಲಿಯಲಿಲ್ಲ. ಆ ಬ್ರಿಗೇಡು ಕೆಲವೇ ಗಂಟೆಗಳಲ್ಲಿ ನುಚ್ಚುನೂರಾಯಿತು.

ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ, 16,000 ಅಡಿಗೂ ಮೇಲೆ, 13ನೆಯ ಕುಮಾವೂನಿನ ಒಂದು ಕಂಪೆನಿ ಮೇಜರ್ ಶೈತಾನ್ ಸಿಂಗ್ ಅವರ ನಾಯಕತ್ವದಲ್ಲಿ ಕಡೆಯವರೆಗೂ ಹೋರಾಡಿತು. ಸುಮಾರು 120 ಮಂದಿಯಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು. ಮರುವರ್ಷ ಹಿಮ ಕರಗತೊಡಗಿದಾಗ ಅವರ ಶರೀರಗಳು ಕಂದಕಗಳಲ್ಲೇ, ಆಯುಧ ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿ ಸಿಕ್ಕಿದವು. ಕುಮಾವೂನ್ ಎಂದರೆ ತಿಮ್ಮಯ್ಯನವರ ಹಳೆಯ ಹೈದರಾಬಾದ್ ರೆಜಿಮೆಂಟಿನ ಹೊಸ ಹೆಸರು. ಒಂದು ಕಾಲದಲ್ಲಿ ಅವರು ಮಂಡಿಯೂರಿ ಪಾದ ನೋಡಿದ ಜವಾನರ ಮುಂದಿನ ತಲೆಮಾರು ಅದು. ಕೊಡಗಿನ ಮನೆಯಲ್ಲಿ ಕುಳಿತು ಆ ಸುದ್ದಿ ಕೇಳಿದ ಮುದಿ ಸೇನಾನಿಯ ಮನಸ್ಸು ಏನಾಗಿರಬೇಕೆಂದು ಓದುಗರೇ ಊಹಿಸಲಿ.

ಆ ಚಳಿಗಾಲ ದೇಶದ ಮನೆಮನೆಯಲ್ಲಿ ಹೆಂಗಸರು ಉಣ್ಣೆಯ ಉಂಡೆ ಹಿಡಿದು ಜವಾನರಿಗಾಗಿ ಸ್ವೆಟರ್, ಕಾಲುಚೀಲ ಹೆಣೆದರು. ಬಳೆ, ಓಲೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಜನರ ಪ್ರೀತಿ ದೊಡ್ಡದು. ಆದರೆ ಉಗ್ರಾಣ ಮಾಡಬೇಕಾದ ಕೆಲಸವನ್ನು ಅಜ್ಜಿಯ ಸೂಜಿ ಮಾಡಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯಲ್ಲ. ಕೃಷ್ಣ ಮೆನನ್ ಅಧಿಕಾರ ಬಿಟ್ಟರು. ತಪ್ಪು ಅವರೊಬ್ಬರದೇ ಎನ್ನಲಾಗದು. ಹಣ ಹಂಚಿದವರು, ವರದಿ ಓದದೆ ಇಟ್ಟವರು, ಚೀನ ಬಾರದು ಎಂದು ನಂಬಿದವರು, ಬೂಟಿಲ್ಲದ ಪಡೆಯನ್ನು ಮುಂದೆ ನಡೆಯೆಂದು ಆಜ್ಞೆ ಕೊಟ್ಟವರು, ಎಲ್ಲರಿಗೂ ಪಾಲಿದೆ.

ತಿಮ್ಮಯ್ಯನವರನ್ನು ದೇಶ ಮತ್ತೆ ಸೇನೆಯ ಮುಂದೆ ನಿಲ್ಲಿಸಲಿಲ್ಲ; ಲೋಕ ಕರೆಯಿತು. 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರೂ ತುರ್ಕರೂ ಕಾದಾಡುತ್ತಿದ್ದಾಗ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಅವರು ಹೋದರು. ಎರಡೂ ಕಡೆಯವರ ವಿಶ್ವಾಸ ಗಳಿಸಿದರು. ಅಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಶರೀರವನ್ನು ಬೆಂಗಳೂರಿಗೆ ತಂದು ಮಣ್ಣುಮಾಡಿದರು. ಸೈಪ್ರಸ್ ಸರಕಾರ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಸುಳ್ಯದ ಹಾದಿಯಲ್ಲಿ ಮಡಿಕೇರಿಗೆ ಹೋಗುವ ನಮ್ಮ ಓದುಗರು ಮಕ್ಕಳನ್ನು ಕರೆದುಕೊಂಡು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ದೊಡ್ಡಗಾಜನೂರಿನ ತಾತನಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿಯಿದೆ. 1962ರ ಬಳಿಕ ಬಹಳ ಬದಲಾಯಿತು. ಎತ್ತರಕ್ಕೆ ಹೋಗುವ ಜವಾನನನ್ನು ಹಂತಹಂತವಾಗಿ ಹವೆಗೆ ಒಗ್ಗಿಸುವ ಕ್ರಮ ಬಂತು. ಹಿಮಬೂಟು, ಪದರಪದರದ ಉಡುಪು ಬಂತು. 1984ರಿಂದ ಸಿಯಾಚಿನ್ ನೀರ್ಗಲ್ಲಿನ ಮೇಲೆ ನಮ್ಮ ಪಡೆ ವರ್ಷವಿಡೀ ನಿಂತಿರುವುದು ಅದರಿಂದಲೇ ಸಾಧ್ಯವಾಯಿತು. ಆದರೂ 2020ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೆಕ್ಕ ಪರಿಶೋಧಕರ ವರದಿ, ಕೆಲಕಾಲ ಹೊಸ ಹಿಮಬೂಟುಗಳು ಬಾರದೆ ಹಳೆಯವನ್ನೇ ದುರಸ್ತಿ ಮಾಡಿ ಜವಾನರಿಗೆ ಕೊಡಬೇಕಾಯಿತೆಂದು ಎತ್ತಿ ಹೇಳಿತು. ಅಂದರೆ ಉತ್ತರ ಇಷ್ಟು: ಬೂಟು ಕೊಡುತ್ತಾರೆ, ತಾತ, ಆದರೆ ಕೊಟ್ಟರೇ ಎಂದು ಕೇಳುವುದನ್ನು ನೀವೂ ನಾವೂ ನಿಲ್ಲಿಸಬಾರದು.

ಗಡಿಯಲ್ಲಿರುವವರನ್ನು ರಾಜಧಾನಿ ನೆನೆಯುವುದು ಸಾಮಾನ್ಯವಾಗಿ ಗೆದ್ದಾಗ, ಇಲ್ಲವೇ ಸತ್ತಾಗ. ಗೆರೆಯಂಚಿನಲ್ಲಿ ಬಾಳುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಡುವಿನ ದಿನಗಳಲ್ಲಿ, ಯಾವ ಸಂಭ್ರಮವೂ ಇಲ್ಲದ ಒಂದು ಸಂಜೆ, ದಣಿದು ಬಂದ ಜವಾನನ ಪಾದವನ್ನು ಬಗ್ಗಿ ನೋಡುವ ಅಧಿಕಾರಿ ಬೇಕು. ಅವನು ಕಂಡದ್ದನ್ನು ಹೇಳಿದಾಗ ಕಿವಿಗೊಡುವ ಸರಕಾರ ಬೇಕು. ತಿಮ್ಮಯ್ಯನವರ ಕಾಲದಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ನಾವು ಹೊರಡುವಾಗ ಬಿಸಿಲೇರಿ ಬದುವಿನ ಇಬ್ಬನಿ ಆರಿತ್ತು. ತಾತ ಇನ್ನೂ ಜಗಲಿಯಲ್ಲೇ ಕುಳಿತು, ಹುಡುಗನಿಗೆ ಕಳುಹಿಸಬೇಕೆಂದು ತರಿಸಿಟ್ಟಿದ್ದ ಉಣ್ಣೆಯ ಕಾಲುಚೀಲದ ಜೊತೆಯನ್ನು ನಮಗೆ ತೋರಿಸಿದರು.